ಮೊದಲನೇ ನಂಬರಿನ ಕಿವಿ

ಫೆಬ್ರವರಿ ೩, ಸೋಮವಾರ

ಈ ಡೈರಿ ಮೂರು ವರ್ಷ ಹಳೆಯದು. ಬಾಟಲಿ ಕಾರ್ಖಾನೆಯಿಂದ ನಾನು ನಿವೃತ್ತನಾದ ವರ್ಷ ಕೊಟ್ಟಿದ್ದು. ಅಚ್ಚಾದ ವಾರಕ್ಕೂ ಇವತ್ತಿನ ವಾರಕ್ಕೂ ತಾಳೆಯಿಲ್ಲ, ಪೆನ್ನಿನಲ್ಲಿ ತಿದ್ದಿಕೊಂಡಿದ್ದೇನೆ. ಇಷ್ಟು ದಿನ ಬರೆಯದೆ ಇದ್ದದ್ದು ಬರೆಯಲು ಬಾರದೆ ಅಲ್ಲ. ಏಳನೇ ಕ್ಲಾಸಿನಲ್ಲಿ ಲೆಕ್ಕಕ್ಕೆ ನೂರಕ್ಕೆ ತೊಂಬತ್ತಾರು ತೆಗೆದು ಇಡೀ ಶಾಲೆಗೆ ಮೊದಲಿಗನಾದವನು ನಾನು. ಆ ವರ್ಷ ನಮ್ಮ ಹಳ್ಳಿ ಶಾಲೆಯಲ್ಲಿ ಪರೀಕ್ಷೆಗೆ ಕೂತವರು ನಾಲ್ಕೇ ಜನ ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. ಹೇಳಲಿ. ನಾಲ್ವರಲ್ಲೂ ಮೂವರು ನನಗಿಂತ ಹಿಂದೆಯೇ ಇದ್ದರಲ್ಲ.

ಇವತ್ತು ಬರೆಯುವಂಥದ್ದು ಆಯಿತು. ಅಣ್ಣನ ಮಗಳು ಬಂದಿದ್ದಳು. ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವ ಕೆಲಸ ಅವಳದು. ನಮ್ಮ ಕಾರ್ಖಾನೆಯ ಗದ್ದಲದಲ್ಲಿ ದುಡಿದವರ ಕಿವಿಗಳನ್ನೆಲ್ಲ ಆನ್‌ಲೈನಿನಲ್ಲಿ ತಪಾಸಣೆ ಮಾಡಿಸಬೇಕಂತೆ. ಮೊಬೈಲಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತರೆ ಸಾಕು. ಮಳೆ ಸುರಿದಂಥ ಸದ್ದಿನ ಮಧ್ಯೆ ಒಬ್ಬಳು ಮೂರು ಅಂಕಿ ಹೇಳುತ್ತಾಳೆ, ಕೇಳಿಸಿದ ಅಂಕಿ ಒತ್ತಬೇಕು. ಬಲಗಿವಿ ಒಂದು ಸಲ, ಎಡಗಿವಿ ಒಂದು ಸಲ. ಫಲಿತಾಂಶ ನೆಟ್ಟಗೆ ಕಂಪ್ಯೂಟರಿಗೆ ಹೋಗಿ ಕೂರುತ್ತದೆ.

"ಚಿಕ್ಕಪ್ಪ, ಮೂವತ್ತೊಂದು ವರ್ಷ ಅಲ್ಲಿ ಮೇಸ್ತ್ರಿ ಆಗಿದ್ದೋರು ನೀವು. ನೀವು ಕರೆದ್ರೆ ಜನ ಬರ್ತಾರೆ. ನಾನು ಹದಿಮೂರು ದಿನ ತರಬೇತಿಗೆ ಹೋಗ್ತಿದೀನಿ. ಎಲ್ಲರ ಕೈಲೂ ಪರೀಕ್ಷೆ ಮಾಡಿಸಿ, ಮಾಹಿತಿ ಇಳಿಸಿಟ್ಟುಕೊಳ್ಳಿ. ಅಷ್ಟೇ ಸಾಕು."

"ಅಷ್ಟೇ ಯಾಕೆ, ಪೂರ್ತಿ ನಾನೇ ಮಾಡಿ ಮುಗಿಸ್ತೀನಿ" ಅಂದೆ.

"ಬೇಡ, ಅಷ್ಟೇ ಸಾಕು" ಅಂದಳು, ಒಂದೊಂದೇ ಅಕ್ಷರ ಬಿಡಿಸಿ. ಆಸ್ಪತ್ರೆಯ ಕಿವಿ ಡಾಕ್ಟರು ಇಪ್ಪತ್ತನೇ ತಾರೀಕು ಕಾರ್ಖಾನೆಯ ಹನ್ನೆರಡು ಜನರನ್ನು ನೋಡುತ್ತಾರಂತೆ. ಕಿವಿ ತೀರಾ ಕೆಟ್ಟಿರುವ ಹನ್ನೆರಡು ಜನ ಸರಿಯಾಗಿ ಆಯ್ಕೆಯಾಗಬೇಕು. ತಪ್ಪಿದರೆ ಮುಂದಿನ ಅವಕಾಶ ಎಂಟು ತಿಂಗಳಿಗೆ. ಇನ್ನೊಂದು ಮಾತು: ಕಂಪ್ಯೂಟರಿನಲ್ಲಿ ಹೆಸರಿಲ್ಲ, ನಂಬರು ಮಾತ್ರ. ಯಾವ ನಂಬರು ಯಾರದು ಎಂಬುದು ನನ್ನ ನೋಟ್‌ಬುಕ್ಕಿನಲ್ಲಿರಬೇಕು. "ಯಾರ ಕಿವಿ ಹೇಗಿದೆ ಅನ್ನೋದು ಅವರವರ ಸ್ವಂತ ವಿಷಯ, ಚಿಕ್ಕಪ್ಪ."

ಹೊರಡುವ ಮುಂಚೆ, "ಮೊದಲು ನೀವೇ ಒಂದು ಸಲ ಮಾಡಿ ನೋಡಿ, ಅಭ್ಯಾಸ ಆಗುತ್ತೆ. ನಂಬರಿನ ಜಾಗದಲ್ಲಿ 'ಟ್ರಯಲ್' ಅಂತ ಹಾಕಿ" ಅಂದಳು. ಮಾಡಿದೆ. ಅಂಕಿ ಹೇಳುವ ಆ ಹೆಂಗಸು ಅಂಕಿಗಳನ್ನು ಬಾಯೊಳಗೇ ಜಗಿಯುತ್ತಿದ್ದಳು. ಇಯರ್‌ಫೋನ್ ಸರಿಯಿಲ್ಲ ಅಂದೆ, ಹುಡುಗಿ ಇನ್ನೊಂದು ಕೊಟ್ಟಳು. ಫ್ಯಾನ್ ಸದ್ದು ಅಂದೆ, ಆರಿಸಿದಳು. ಮೂರು ಸಲ ಮಾಡಿದೆ. ಬಲಗಿವಿಗೆ ಎರಡು, ಮೂರು, ಮೂರು ಬಂತು, ಪ್ಲಸ್ ಚಿಹ್ನೆ ಸಮೇತ. ಹುಡುಗಿ ಮೊಬೈಲಿನ ತೆರೆ ನೋಡಿದಳು, ಚಿಕ್ಕಮ್ಮನ ಮುಖ ನೋಡಿದಳು, ಸುಮ್ಮನೆ ಟೀ ಕುಡಿದಳು. ನನ್ನ ಚುರುಕುತನಕ್ಕೆ ಬೆರಗಾಗಿರಬೇಕು.

ಫ್ರಿಜ್ಜಿನ ಬಾಗಿಲು ತೆಗೆದಿಟ್ಟು ಬಂದಿರಿ ಅಂತ ಇವತ್ತೂ ಹೆಂಡತಿಯ ಬೈಗುಳ. "ಅಷ್ಟು ಹೊತ್ತಿನಿಂದ ಕೂಗ್ಕೊಳ್ತಿದೆ!" ಅಂತಾಳೆ. ನಮ್ಮ ಫ್ರಿಜ್ಜು ಮೂಗಿ. ಆರು ವರ್ಷದಿಂದ ನೋಡುತ್ತಿದ್ದೇನೆ, ಒಂದು ದಿನವೂ ಕೂಗಿದ್ದಿಲ್ಲ.

ಫೆಬ್ರವರಿ ೬, ಗುರುವಾರ

ಕಾರ್ಖಾನೆಯ ಊಟದ ಕೋಣೆಯಲ್ಲಿ ಮೂಲೆಯ ಮೇಜು ಹಿಡಿದು ಕೂತೆ. ಮೂರು ದಿನಕ್ಕೆ ತೊಂಬತ್ತೆಂಟು ಜನ! ಬರುವುದಿಲ್ಲ ಅಂದವರನ್ನು ಬೈದು ಕರೆತಂದೆ, ಬೈದರೆ ಬರದವರನ್ನು ಹೊಗಳಿ ಕರೆತಂದೆ. ಗಾಜು ಕರಗಿಸುವ ಕುಲುಮೆಯವನು ಮಾತ್ರ ಸತಾಯಿಸಿದ. ನನ್ನ ಜೊತೆಗೇ ಕೆಲಸಕ್ಕೆ ಸೇರಿದವನು. ಈಗ ಎರಡು ವರ್ಷದಿಂದ ಯಾರ ಜೊತೆಗೂ ಕೂರುವುದಿಲ್ಲ, ಊಟದ ಡಬ್ಬಿ ಹಿಡಿದು ಗೋಡೆ ಕಡೆ ತಿರುಗಿ ಕೂರುತ್ತಾನೆ. ಜಂಬ ಬಂದಿದೆ ಅನ್ನುತ್ತಾರೆ. ಇಯರ್‌ಫೋನನ್ನು ನಾನೇ ಅವನ ಕಿವಿಗೆ ತುರುಕಿದೆ.

ಲೇಬಲ್ ವಿಭಾಗದ ಅಕ್ಕ ಪರೀಕ್ಷೆ ಮುಗಿಸಿ ಏನೋ ಕೇಳಿದಳು. ಬಲಗಡೆ ನಿಂತಿದ್ದಳು, ಊಟದ ಕೋಣೆಯಲ್ಲಿ ತಟ್ಟೆ ಸದ್ದು ಬೇರೆ. "ಹ್ಞೂಂ, ಆಗಲಿ" ಅಂದೆ. ಇನ್ನೊಂದು ಸಲ ಹೇಳಿ ಅಂತ ಗೋಗರೆಯುವುದು ನನ್ನ ಜಾಯಮಾನವಲ್ಲ. ಹೆಚ್ಚಿನ ಮಾತುಗಳಿಗೆ "ಹ್ಞೂಂ" ಸಾಕಾಗುತ್ತದೆ ಎಂಬುದನ್ನು ನಾನು ಅನುಭವದಿಂದ ಕಂಡುಕೊಂಡಿದ್ದೇನೆ.

ಫೆಬ್ರವರಿ ೯, ಭಾನುವಾರ

ಮಾಹಿತಿ ಇಳಿಸಿದೆ! ಹುಡುಗಿ ಬಿಟ್ಟುಹೋದ ಲ್ಯಾಪ್‌ಟಾಪಿನಲ್ಲಿ 'ಎಕ್ಸ್‌ಪೋರ್ಟ್' ಅನ್ನುವ ನೀಲಿ ಗುಂಡಿ ಇದೆ. ಒತ್ತಿದರೆ ಕಡತವೊಂದು ಬಂದು ಬೀಳುತ್ತದೆ. ನಾನು ಏಳು ಸಲ ಒತ್ತಿದೆ, ಏಳು ಬಿದ್ದವು. ಏಳರಲ್ಲೂ ಒಂದೇ ಸಂಗತಿ ಇದೆ ಎಂದು ಗೊತ್ತಾಗಲು ಮಧ್ಯಾಹ್ನವಾಯಿತು.

ತೆರೆದರೆ ಚೌಕಳಿ ಕಾಗದದ ಹಾಗೆ ಸಾಲು ಸಾಲು ಮನೆಗಳು. ಒಬ್ಬೊಬ್ಬರಿಗೆ ಒಂದು ಸಾಲು. ನಂಬರು, ತಾರೀಕು, ಬಲಗಿವಿ, ಎಡಗಿವಿ. ಒಟ್ಟು ನೂರನಾಲ್ಕು ಜನ, ಜೊತೆಗೆ ನನ್ನ ಟ್ರಯಲ್ ಸಾಲು ಮೂರು. ಅರ್ಧಕ್ಕೆ ಎದ್ದುಹೋದ ಐವರ ಮನೆ ಖಾಲಿ. ಶಾಲೆಯಲ್ಲಿ ಗೈರುಹಾಜರಾದವರಿಗೆ ಮೇಷ್ಟ್ರು ಸೊನ್ನೆ ಹಾಕುತ್ತಿದ್ದರಲ್ಲ, ನಾನೂ ಹಾಕಿದೆ.

ಸಂಜೆ ಹುಡುಗಿ ಫೋನ್ ಮಾಡಿದಾಗ ಹೆಮ್ಮೆಯಿಂದ ಹೇಳಿದೆ. "ಅಯ್ಯೋ ಚಿಕ್ಕಪ್ಪ, ಸೊನ್ನೆ ತೆಗೀರಿ!" ಅಂತ ಕೂಗಿದಳು. "ಖಾಲಿ ಅಂದ್ರೆ ನಮಗೆ ಗೊತ್ತಿಲ್ಲ ಅಂತ. ಸೊನ್ನೆ ಅಂದ್ರೆ ಗೊತ್ತಿದೆ ಅಂತ. ಎರಡೂ ಒಂದೇನಾ?" ಮಾತು ಒಪ್ಪುವಂಥದ್ದೇ. ತೆಗೆದೆ. ಆ ಐವರನ್ನು ನಾಳೆ ಮತ್ತೆ ಕೂರಿಸಬೇಕು. ಟ್ರಯಲ್ ಸಾಲುಗಳನ್ನು ಕೊನೆಯಲ್ಲಿ ಅಳಿಸಬೇಕಂತೆ. "ಅಳಿಸೋದು ಬಿಡೋದು ನಿಮಗೇ ಬಿಟ್ಟಿದ್ದು. ಯೋಚನೆ ಮಾಡಿ ಅಳಿಸಿ" ಅಂದಳು. ಮೂರು ಸಾಲು ಅಳಿಸಲು ಯೋಚನೆ ಏತಕ್ಕೆ? ಈಗಿನ ಮಕ್ಕಳು.

ಫೆಬ್ರವರಿ ೧೦, ಸೋಮವಾರ

ಉಳಿದ ಐವರದ್ದೂ ಮುಗಿಯಿತು. ಮತ್ತೆ ಇಳಿಸಿಕೊಂಡು ಅವರ ಹಳೆಯ ಸಾಲು ತೆಗೆದೆ. ಈಗ ಯಾವ ಮನೆಯೂ ಖಾಲಿಯಿಲ್ಲ.

ಹುಡುಗಿ ಬರುವವರೆಗೂ ಕಾಯುವುದು ಯಾಕೆ? ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸುವ ಗುಂಡಿಯೂ ಅದರಲ್ಲೇ ಇದೆ. ಪ್ರತಿಯೊಬ್ಬರದೂ ಎರಡು ಕಿವಿಯಲ್ಲಿ ಹೆಚ್ಚು ಬಂದದ್ದನ್ನು ಹಿಡಿದು ಜೋಡಿಸಿದೆ. ತುತ್ತತುದಿಯಲ್ಲಿ ಯಾರು? ಟ್ರಯಲ್! ಪ್ಲಸ್ ಮೂರು! ಈ ವಯಸ್ಸಿನಲ್ಲೂ ಮೊದಲನೇ ನಂಬರು ನನ್ನದೇ. ಆಮೇಲೆ ಕುಲುಮೆಯವನು, ಪ್ಲಸ್ ಎರಡು. ಆಮೇಲೆ ಲೇಬಲ್ ಅಕ್ಕ. ಕೆಳಗೆ ಹೋದ ಹಾಗೆ ಮೈನಸ್ ಎಂಟು, ಮೈನಸ್ ಹತ್ತು, ಪಾಪ. ಕಟ್ಟಕಡೆಗೆ ಗೇಟಿನ ಕಾವಲುಗಾರ, ಮೈನಸ್ ಹನ್ನೆರಡು. ಸೊನ್ನೆಗಿಂತಲೂ ಕೆಳಗೆ ಇಳಿದವರನ್ನು ನಮ್ಮ ಮೇಷ್ಟ್ರು ಕೂಡ ಕಂಡಿರಲಿಕ್ಕಿಲ್ಲ.

ಕೆಳಗಿನ ಹನ್ನೆರಡು ಜನಕ್ಕೆ ನನ್ನ ದುಂಡನೆಯ ಅಕ್ಷರದಲ್ಲಿ ಚೀಟಿ ಬರೆದೆ: "ನಿಮ್ಮ ಕಿವಿ ಕೆಟ್ಟಿದೆ. ಧೈರ್ಯವಾಗಿರಿ. ಇಪ್ಪತ್ತನೇ ತಾರೀಕು ಆಸ್ಪತ್ರೆಗೆ ಬನ್ನಿ." ಮೇಲಿನ ಹನ್ನೆರಡು ಜನಕ್ಕೂ ಏನಾದರೂ ಮಾಡಬೇಡವೇ? ಕಾರ್ಖಾನೆಯ ಬೋರ್ಡಿಗೆ ದೊಡ್ಡ ಹಾಳೆ ಅಂಟಿಸಿದೆ: "ಅತ್ಯುತ್ತಮ ಕಿವಿಗಳು". ನೋಟ್‌ಬುಕ್ ನೋಡಿ ನಂಬರಿನ ಜಾಗದಲ್ಲಿ ಹೆಸರೇ ಬರೆದೆ. ಹೆಸರಿಲ್ಲದ ಹೊಗಳಿಕೆ ಯಾರಿಗೆ ಬೇಕು? ಒಂದನೇ ಹೆಸರು ನನ್ನದು, ಅಡಿಯಲ್ಲಿ ಎರಡು ಗೆರೆ.

ಫೆಬ್ರವರಿ ೧೧, ಮಂಗಳವಾರ

ಬೋರ್ಡಿನ ಮುಂದೆ ಜನವೋ ಜನ. ನನ್ನನ್ನು ಕಂಡವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊಟ್ಟೆಕಿಚ್ಚು. ಪ್ಯಾಕಿಂಗಿನ ಹುಡುಗಿಯರು ಲೇಬಲ್ ಅಕ್ಕನ ಕಡೆ ಕೈ ತೋರಿಸಿ ನಗುತ್ತಿದ್ದರು. ಅವಳು ಹಾಳೆ ನೋಡಿದಳು, ನನ್ನನ್ನು ನೋಡಿದಳು, ತಲೆ ತಗ್ಗಿಸಿ ಒಳಗೆ ಹೋದಳು. ಹೊಗಳಿದರೆ ನಾಚಿಕೊಳ್ಳುವ ಸ್ವಭಾವ.

ಸಂಜೆ ಗೇಟಿನ ಕಾವಲುಗಾರ ಚೀಟಿ ಹಿಡಿದು ಮನೆಗೇ ಬಂದ. ಮುಖ ಕೆಂಡ.

"ಮೇಸ್ತ್ರಿ, ನನ್ನ ಕಿವಿಗೆ ಏನಾಗಿದೆ ಅಂತ ಈ ಚೀಟಿ?"

"ಬೇಜಾರು ಮಾಡ್ಕೋಬೇಡ. ಡಾಕ್ಟರು ನೋಡ್ತಾರೆ."

"ಗೇಟಲ್ಲಿ ನಿಂತ್ರೆ ಹಿಂದಿನ ಗೋಡೆ ಹತ್ರ ಬೆಕ್ಕು ನಡೆದಿದ್ದು ಕೇಳುತ್ತೆ ನಂಗೆ. ಈಗ ನಿಮ್ಮನೆ ಅಡುಗೆಮನೇಲಿ ಫ್ರಿಜ್ ಬಾಗಿಲು ತೆಗೆದಿದೆ. ಟೀಂ ಟೀಂ ಅಂತಿದೆ. ನಿಮಗೆ ಕೇಳಿಸ್ತಿಲ್ವಾ?"

ಹೋಗಿ ನೋಡಿದೆ. ತೆಗೆದೇ ಇತ್ತು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಫೆಬ್ರವರಿ ೧೨, ಬುಧವಾರ

ಕಾವಲುಗಾರನ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಬೆಳಿಗ್ಗೆ ಕುಲುಮೆಯವನನ್ನು ಅಭಿನಂದಿಸಿ ಬರೋಣ ಅಂತ ಹೋದೆ. ಬಾಗಿಲು ಬಡಿದೆ. ಕಿಟಕಿಯಿಂದ ಕಾಣುತ್ತಿದ್ದ, ನನಗೆ ಬೆನ್ನು ಮಾಡಿ ಕೂತು ಚಪ್ಪಲಿ ಹೊಲಿಯುತ್ತಿದ್ದ. ಮತ್ತೆ ಬಡಿದೆ. ಪಕ್ಕದ ಮನೆಯವರು ಹೊರಗೆ ಬಂದರು, ಎದುರು ಮನೆಯವರೂ ಬಂದರು. ಅವನು ಮಾತ್ರ ತಿರುಗಲಿಲ್ಲ.

ಎರಡನೇ ನಂಬರಿನ ಕಿವಿ.

ಮನೆಗೆ ಬಂದು ಹುಡುಗಿಗೆ ಫೋನ್ ಮಾಡಿದೆ. ಪ್ಲಸ್ ಒಳ್ಳೇದಾ ಮೈನಸ್ ಒಳ್ಳೇದಾ ಅಂತ, ಯಾರೋ ಕೇಳಿದರು ಎನ್ನುವ ಹಾಗೆ ಕೇಳಿದೆ.

"ಮೈನಸ್, ಚಿಕ್ಕಪ್ಪ. ಇದು ಮಾರ್ಕ್ಸ್ ಅಲ್ಲ. ಮೈನಸ್ ಹತ್ತು ಅಂದ್ರೆ ಗದ್ದಲ ಮಾತಿಗಿಂತ ಅಷ್ಟು ಜೋರಾಗಿದ್ರೂ ಅವರಿಗೆ ಮಾತು ಕೇಳಿಸ್ತು ಅಂತ. ಪ್ಲಸ್ ಮೂರು ಅಂದ್ರೆ ಮಾತೇ ಗದ್ದಲಕ್ಕಿಂತ ಜೋರಾಗಿರಬೇಕು, ಆಗಲೇ ಕೇಳಿಸೋದು. ಯಾಕೆ? ಏನು ಮಾಡಿದ್ರಿ?"

ಎಲ್ಲ ಹೇಳಿದೆ. ಚೀಟಿ, ಬೋರ್ಡು, ಹೆಸರು.

"ಹೆಸರು ಹಾಕಿದ್ರಾ?" ಅಂದಳು. ಬೈದಿದ್ದರೆ ಚೆನ್ನಾಗಿತ್ತು. "ಅವರು ನಂಬಿ ಕೊಟ್ಟಿದ್ದು, ಚಿಕ್ಕಪ್ಪ. ಇಪ್ಪತ್ತಕ್ಕೆ ಕಿವಿ ಕೆಟ್ಟೋರು ಬರದೆ ಕಿವಿ ಚೆನ್ನಾಗಿರೋರು ಬಂದ್ರೆ ಎಲ್ಲಾ ಮುಗೀತು. ಇನ್ನು ಯಾರೂ ನಮ್ಮ ಹತ್ರ ಕಿವಿ ತೋರಿಸಲ್ಲ."

"ನಾನೇ ಸರಿ ಮಾಡ್ತೀನಿ."

"ಆಯ್ಕೆ ಏನೋ ಸರಿಯಾಗೇ ಮಾಡಿದ್ದೀರಿ, ತಲೆಕೆಳಗಾಗಿ ಅಷ್ಟೇ" ಅಂದು, ಪುಣ್ಯಾತ್ಗಿತ್ತಿ, ಸ್ವಲ್ಪ ನಕ್ಕಳು.

ಓಡಿಹೋಗಿ ಹಾಳೆ ಹರಿದೆ. ಅರ್ಧ ಕಾರ್ಖಾನೆ ಅದರ ಫೋಟೋ ತೆಗೆದುಕೊಂಡಾಗಿತ್ತು.

ಪಟ್ಟಿಯಲ್ಲಿ ಒಂದನೇ ಹೆಸರಿನದು ಬೇರೆ ವಿಷಯ. ಅವತ್ತು ಇಯರ್‌ಫೋನ್ ಸರಿಯಿರಲಿಲ್ಲ.

ಫೆಬ್ರವರಿ ೧೩, ಗುರುವಾರ

ಕೆಳಗಿನ ಹನ್ನೆರಡು ಜನರಿಂದ ಚೀಟಿ ವಾಪಸ್ ತಗೊಂಡೆ. ಕಾವಲುಗಾರ ಕೊಡಲಿಲ್ಲ, ಚೌಕಟ್ಟು ಹಾಕಿಸುತ್ತಾನಂತೆ.

ಮೇಲಿನವರಿಗೆ ಫೋನ್ ಮಾಡಿದೆ. ಅವರು "ಹ್ಞೂಂ, ಆಗಲಿ" ಅಂದರು, ಇಟ್ಟರು. ಆ "ಹ್ಞೂಂ" ನನಗೆ ಚೆನ್ನಾಗಿ ಗೊತ್ತು. ಏನೂ ಕೇಳಿಸಿಲ್ಲ. ಸೈಕಲ್ ತೆಗೆದೆ.

ಫೆಬ್ರವರಿ ೧೪, ಶುಕ್ರವಾರ

ಲೇಬಲ್ ಅಕ್ಕನ ಮನೆ. ಬಾಗಿಲಲ್ಲೇ ನಿಲ್ಲಿಸಿದಳು. ತಪ್ಪಾಯಿತು ಅಂದೆ. ಏನೋ ಅಂದಳು, ಕೇಳಿಸಲಿಲ್ಲ. "ಅಕ್ಕ, ಇನ್ನೊಂದು ಸಲ ಹೇಳಿ" ಅಂದೆ. ಕುರ್ಚಿ ಹಾಕಿದಳು. ಅವಳ ಎದುರಿಗೇ, ಬೆಳಕಿನ ಕಡೆ ಎಳೆದುಕೊಂಡು ಕೂತೆ. ಮುಖ ಕಾಣುವಂತೆ ಕೂತರೆ ಇಬ್ಬರಿಗೂ ಸಲೀಸು.

"ಅವತ್ತು ಪರೀಕ್ಷೆ ಮುಗಿದ ಮೇಲೆ ನಿಮ್ಮನ್ನ ಒಂದು ಮಾತು ಕೇಳಿದ್ದೆ. ಇದನ್ನ ಯಾರಿಗೂ ಹೇಳಲ್ಲ ತಾನೇ, ಮೇಸ್ತ್ರಿ, ಅಂತ. ನೀವು ಹ್ಞೂಂ ಆಗಲಿ ಅಂದ್ರಿ."

ನೆಲ ನೋಡಿದೆ. ಮೂವತ್ತೊಂದು ವರ್ಷ ಮಾತಿನಲ್ಲಿ ಸೋತವನಲ್ಲ ನಾನು. ಇವತ್ತು ಸೋತೆ.

ಆಮೇಲೆ ಅವಳೇ ಹೇಳುತ್ತಾ ಹೋದಳು. ಮೊಮ್ಮಗಳು ಫೋನಿನಲ್ಲಿ ಪದ್ಯ ಹೇಳುತ್ತಾಳಂತೆ. ಇವಳು ಗಡಿಯಾರ ನೋಡಿಕೊಂಡು, ಇಷ್ಟು ಹೊತ್ತಿಗೆ ಮುಗಿದಿರಬಹುದು ಅಂತ ಅಂದಾಜು ಮಾಡಿ ಚಪ್ಪಾಳೆ ತಟ್ಟುತ್ತಾಳಂತೆ. ಒಂದು ಸಲ ಪದ್ಯದ ಮಧ್ಯೆಯೇ ತಟ್ಟಿಬಿಟ್ಟಳು. ಮಗು ಅತ್ತಿತು. ಹೇಳುತ್ತಾ ಅವಳೇ ನಕ್ಕಳು, ನಾನೂ ನಕ್ಕೆ.

ಆಸ್ಪತ್ರೆಗೆ ಬರುತ್ತೇನೆ ಅಂದಳು. ಒಂದು ಷರತ್ತು. "ಹುಡುಗಿಯರು ಮತ್ತೆ ನಕ್ಕರೆ ನೀವು ನನ್ನ ಪಕ್ಕ ನಿಂತಿರಬೇಕು. ಮೊದಲನೇ ನಂಬರು ನಿಮ್ಮದು, ನಂದು ಮೂರನೇದು."

ಫೆಬ್ರವರಿ ೧೫, ಶನಿವಾರ

ಕುಲುಮೆಯವನು. ಈ ಸಲ ಬಾಗಿಲು ಬಡಿಯದೆ ಕಿಟಕಿಯ ಮುಂದೆ ನಿಂತು ಕೈ ಆಡಿಸಿದೆ. ಎರಡು ಗಂಟೆ ಕೂತೆ. ಊಟದ ಹೊತ್ತಿನಲ್ಲಿ ಗೋಡೆ ಕಡೆ ತಿರುಗುವುದು ಜಂಬದಿಂದಲ್ಲ. ಎಲ್ಲರೂ ನಗುವಾಗ ಯಾವುದಕ್ಕೆಂದು ತಿಳಿಯದೆ ನಗಬೇಕು, ಸ್ವಲ್ಪ ತಡವಾಗಿ ನಕ್ಕರೆ ಎಲ್ಲರೂ ತಿರುಗಿ ನೋಡುತ್ತಾರೆ. ಅದಕ್ಕಿಂತ ಗೋಡೆಯೇ ವಾಸಿ ಅಂದ.

"ನಿನಗೂ ಹಾಗೇ ತಾನೇ?" ಅಂತ ಕೇಳಿದ.

"ನನಗೇನೂ ಇಲ್ಲ" ಅಂದೆ.

"ನೀನು ಎಲ್ಲರಿಗಿಂತ ಮೊದಲೇ ನಗ್ತೀಯ. ಅದು ಒಳ್ಳೆ ಉಪಾಯ" ಅಂದ.

ಮನೆಗೆ ಬಂದ ಮೇಲೆ ಹೆಚ್ಚು ಮಾತಾಡಲಿಲ್ಲ. ಹುಷಾರಿಲ್ಲವೇ ಅಂತ ಹೆಂಡತಿ ಹಣೆ ಮುಟ್ಟಿ ನೋಡಿದಳು.

ಫೆಬ್ರವರಿ ೧೬, ಭಾನುವಾರ

ನಾಳೆ ಹುಡುಗಿ ಬರುತ್ತಾಳೆ. ಕೊನೆಯ ಪಟ್ಟಿ ಸಿದ್ಧ ಮಾಡಲು ಕೂತೆ. ಅರ್ಧಕ್ಕೆ ಬಿಟ್ಟವರ ಹಳೆಯ ಸಾಲು ತೆಗೆದದ್ದಾಯಿತು. ಉಳಿದದ್ದು ಟ್ರಯಲ್ ಸಾಲು ಮೂರು. ಅಳಿಸಬೇಕು.

ಅಳಿಸಿದರೆ ಒಂದು ಒಳ್ಳೆಯದೂ ಇದೆ. ನನ್ನನ್ನು ಸೇರಿಸಿ ಹನ್ನೆರಡಾದರೆ ಸಣ್ಣ ಲಾರಿಯ ಡ್ರೈವರು ಹದಿಮೂರನೆಯವನಾಗಿ ಹೊರಗುಳಿಯುತ್ತಾನೆ. ನಾನು ಪಟ್ಟಿಯಿಂದ ಹೋದರೆ ಅವನಿಗೆ ಜಾಗ. ಇದನ್ನು ಹೆಂಡತಿಗೆ ಹೇಳಿದೆ.

"ಎಷ್ಟು ದೊಡ್ಡ ಮನಸ್ಸು" ಅಂದಳು. "ಅಳಿಸ್ತಿರೋದು ಡ್ರೈವರಿಗೋಸ್ಕರಾನಾ, ನಿಮಗೋಸ್ಕರಾನಾ?"

"ಇಯರ್‌ಫೋನ್..."

"ಎರಡು ಇಯರ್‌ಫೋನೂ ಕೆಟ್ಟಿದ್ವಾ? ಸಂಜೆ ನಡೆಯೋಕೆ ಹೋದಾಗ ನಾನು ಯಾವ ಕಡೆ ಇರ್ತೀನಿ?"

"ಎಡಗಡೆ. ನೀನು ಹಟಮಾರಿ, ಯಾವತ್ತೂ ಎಡಗಡೆಯೇ."

"ಯಾಕೆ?"

ಸೌತೆಕಾಯಿ ಹೆಚ್ಚಲು ಹೋದಳು. ನಾನು ತೆರೆಯ ಮುಂದೆಯೇ ಕೂತಿದ್ದೆ. ಎಡಗಿವಿ ಮೈನಸ್ ಏಳು. ಬಲಗಿವಿ ಪ್ಲಸ್ ಎರಡು, ಪ್ಲಸ್ ಮೂರು, ಪ್ಲಸ್ ಮೂರು. ಒಂದು ಸಲ ತಪ್ಪಾಗಬಹುದು. ಮೂರು ಸಲವೂ ಒಂದೇ ಕಥೆ ಹೇಳಿದರೆ ಲೆಕ್ಕದಲ್ಲಿ ತೊಂಬತ್ತಾರು ತೆಗೆದವನಿಗೆ ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಅಳಿಸುವ ಗುಂಡಿಯ ಮೇಲಿದ್ದ ಬೆರಳು ತೆಗೆದೆ. ಒಬ್ಬರಿಗೆ ಒಂದೇ ಸಾಲು ಇರಬೇಕು ಅಂತ ಎರಡು ತೆಗೆದೆ. ಉಳಿದದ್ದರಲ್ಲಿ 'ಟ್ರಯಲ್' ಅಳಿಸಿ ನೂರೈದು ಅಂತ ನಂಬರು ಹಾಕಿದೆ. ನೋಟ್‌ಬುಕ್ಕಿನಲ್ಲಿ ನೂರೈದರ ಮುಂದೆ ನನ್ನ ಹೆಸರು ಬರೆದೆ. ಕೆಳಗೆ ಗೆರೆ ಹಾಕಲಿಲ್ಲ.

ಡ್ರೈವರನ್ನು ನೆನೆದು ಸಂಕಟ. ಅವನಿಗೆ ಏನು ಹೇಳಲಿ?

ಫೆಬ್ರವರಿ ೧೭, ಸೋಮವಾರ

ಹುಡುಗಿ ಬಂದಳು. ಪಟ್ಟಿ ನೋಡಿದಳು. ನೂರೈದರ ಹತ್ತಿರ ಬೆರಳು ನಿಂತಿತು. ಡ್ರೈವರನ ವಿಷಯ ನಾನೇ ತೆಗೆದೆ, ಬೇಕಾದರೆ ನಾನು ಎಂಟು ತಿಂಗಳು ಕಾಯುತ್ತೇನೆ, ಇಷ್ಟು ವರ್ಷ ಕಾದಿದ್ದೇನೆ ಅಂದೆ.

ಅವಳು ಚೀಲದಿಂದ ಆಸ್ಪತ್ರೆಯ ಪತ್ರ ತೆಗೆದು ಮುಂದಿಟ್ಟಳು. ಕಾರ್ಖಾನೆಯವರಿಗೆ ಹನ್ನೆರಡು ಜಾಗ. ಅದರ ಕೆಳಗೆ ಬೇರೆಯಾಗಿ ಹದಿಮೂರನೆಯದು, ಒಂದು ಹೆಸರು ಮೊದಲೇ ಅಚ್ಚಾಗಿತ್ತು. ನನ್ನದು. ಪತ್ರದ ತಾರೀಕು ಜನವರಿ ಇಪ್ಪತ್ತೆಂಟು. ಅಂದರೆ ಅವಳು ನಮ್ಮ ಮನೆಗೆ ಬಂದು ಟೀ ಕುಡಿಯುವುದಕ್ಕೂ ಆರು ದಿನ ಮುಂಚೆ.

"ಇದೇನಿದು?"

"ಚಿಕ್ಕಮ್ಮನ್ನ ಕೇಳಿ."

"ಆರು ವರ್ಷದಿಂದ ಹೇಳಿ ಹೇಳಿ ಸಾಕಾಯ್ತು" ಅಂದಳು ಹೆಂಡತಿ. "ಪರೀಕ್ಷೆ ಮಾಡಿಸ್ಕೊಳ್ಳಿ ಅಂದ್ರೆ ಬರಲ್ಲ. ಪರೀಕ್ಷೆ ಮಾಡಿಸೋರು ನೀವೇ ಅಂದ್ರೆ ಬರ್ತೀರಿ ಅಂತ ಗೊತ್ತಿತ್ತು."

ನನ್ನಂಥವನಿಗೆ ಟೋಪಿ ಹಾಕಿದ್ದಾರೆ, ಇಬ್ಬರೂ ಸೇರಿ! ಕೋಪ ಮಾಡಿಕೊಳ್ಳೋಣ ಅಂದುಕೊಂಡೆ. ನಗು ಬಂದುಬಿಟ್ಟಿತು.

ಫೆಬ್ರವರಿ ೨೦, ಗುರುವಾರ

ಹದಿಮೂರು ಜನವೂ ಹಾಜರು. ಆಸ್ಪತ್ರೆಯ ಬೆಂಚಿನ ಮೇಲೆ ಕುಲುಮೆಯವನು, ನಾನು, ಲೇಬಲ್ ಅಕ್ಕ ಸಾಲಾಗಿ. ದಾದಿ ನನ್ನ ಹೆಸರು ಕರೆದಳಂತೆ. ನಾವು ಮೂವರೂ ಕದಲಲಿಲ್ಲ. ಕೊನೆಗೆ ಡ್ರೈವರು ಭುಜ ಮುಟ್ಟಿ ಎಬ್ಬಿಸಿದ. ಆಮೇಲೆ ಬೆಂಚಿನಲ್ಲಿ ಎದ್ದ ನಗು ನೋಡಬೇಕಿತ್ತು. ಕುಲುಮೆಯವನು ಸರಿಯಾದ ಹೊತ್ತಿಗೇ ನಕ್ಕ.

ಮಾರ್ಚ್ ೯, ಭಾನುವಾರ

ಬಲಗಿವಿಗೆ ಯಂತ್ರ ಬಂದು ಮೂರು ದಿನ. ಹುರುಳಿಕಾಳಿನಷ್ಟೇ ಇದೆ. ಡಾಕ್ಟರೇ ಹೇಳಿದರು, ಇಷ್ಟು ಬೇಗ ಹೊಂದಿಕೊಂಡವರು ಅಪರೂಪವಂತೆ. (ಎಲ್ಲರಿಗೂ ಹಾಗೇ ಹೇಳುತ್ತಾರೆ ಅನ್ನುತ್ತಾಳೆ ಹೆಂಡತಿ.) ಲೇಬಲ್ ಅಕ್ಕ ನಿನ್ನೆ ಇಡೀ ಪದ್ಯ ಕೇಳಿದಳಂತೆ. ಕೊನೆಯ ಸಾಲು ತಪ್ಪು ಹೇಳಿದೆ ಅಂತ ಮೊಮ್ಮಗಳನ್ನು ತಿದ್ದಿದಳಂತೆ, ಮಗು ಮತ್ತೆ ಅತ್ತಿತಂತೆ.

ಎರಡನೇ ಗುಂಪಿಗೆ ಹುಡುಗಿ ಮತ್ತೆ ನನ್ನನ್ನೇ ಕರೆದಿದ್ದಾಳೆ. ಮೊದಲ ದಿನವೇ ಹಾಳೆಯ ತಲೆಯಲ್ಲಿ ದೊಡ್ಡದಾಗಿ ಬರೆದಿಟ್ಟಿದ್ದೇನೆ: "ಇದು ಮಾರ್ಕ್ಸ್ ಅಲ್ಲ." ನೋಟ್‌ಬುಕ್ಕಿಗೆ ಬೀಗದ ಪೆಟ್ಟಿಗೆ.

ಇದನ್ನು ಬರೆಯುವ ಮಧ್ಯದಲ್ಲಿ ಎದ್ದು ಫ್ರಿಜ್ಜಿನ ಬಾಗಿಲು ಹಾಕಿ ಬಂದೆ. ಎಂಥ ಗಂಟಲು ಅದಕ್ಕೆ!

ಸಂಜೆ ನಡೆಯಲು ಹೋದಾಗ ಹೆಂಡತಿ ಅರ್ಧ ದಾರಿಯಲ್ಲಿ ನಿಂತಳು, ನನ್ನ ಬೆನ್ನ ಹಿಂದಿನಿಂದ ಸುತ್ತಿಕೊಂಡು ಬಂದು ಬಲಗಡೆ ನಡೆಯತೊಡಗಿದಳು. ಯಾಕೆಂದು ನಾನು ಕೇಳಲಿಲ್ಲ. ಮೆಲ್ಲಗೆ ಏನೋ ಹೇಳಿದಳು. ಕೇಳಿಸಿತು. ಆದರೂ, "ಇನ್ನೊಂದು ಸಲ ಹೇಳು" ಅಂದೆ.